ಹೆದ್ದಾರಿ ಖಾಲಿ ಇದ್ದರೆ ಬ್ಲೂಟೂತ್‌ನಲ್ಲಿ ಮಾತಾಡಬಹುದೇ?

ಪ್ರಶ್ನೆ: ಬೆಂಗಳೂರು ಟ್ರಾಫಿಕ್‌ನಲ್ಲಿ ನಾನು ಫೋನ್ ಮುಟ್ಟುವುದಿಲ್ಲ. ಆದರೆ ಮೈಸೂರು ಎಕ್ಸ್‌ಪ್ರೆಸ್‌ವೇ ಖಾಲಿ ಇದ್ದಾಗ ಬ್ಲೂಟೂತ್‌ನಲ್ಲಿ ಮಾತಾಡಿದರೆ ಏನು ಅಪಾಯ?

ಉತ್ತರ: ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಎಚ್ಚರವಾಗಿರುವ ಚಾಲಕನಿಗೂ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 42 ಮೀಟರ್ ಕಳೆಯಿತು. ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೂ ನಿಲ್ಲಲು ಇನ್ನೂ 55 ಮೀಟರ್. ಒಟ್ಟು 97. ಸರಿಯಾಗಿ ಅಷ್ಟು ದೂರದಲ್ಲಿ ಲಾರಿಯೊಂದು ಕೆಟ್ಟು ನಿಂತಿದೆ ಎನ್ನಿ. ಮಾತಿನ ಗುಂಗಿನಲ್ಲಿ ಒಂದೇ ಸೆಕೆಂಡ್ ತಡವಾದರೂ ಲಾರಿಗೆ ಬಡಿಯುವಾಗ ಕಾರಿನ ವೇಗ ಇನ್ನೂ 70 ಕಿ.ಮೀ. ಇರುತ್ತದೆ.

ಕೈಯಲ್ಲಿ ಫೋನ್ ಹಿಡಿದು ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆ ಎನ್ನುತ್ತದೆ. ಹಾಗಾಗಿ ಬ್ಲೂಟೂತ್ ಸುರಕ್ಷಿತ ಎಂದು ಹಲವರು ನಂಬಿದ್ದಾರೆ. ಆದರೆ ಗಮನ ಮಾತಿನಲ್ಲಿದ್ದಾಗ ಕಣ್ಣು ರಸ್ತೆಯ ಮೇಲೇ ಇದ್ದರೂ ಕಂಡದ್ದು ಮನಸ್ಸಿಗೆ ನಾಟುವುದಿಲ್ಲ. ಪಕ್ಕದಲ್ಲಿ ಕೂತವರು ರಸ್ತೆ ನೋಡಿ ತಾವೇ ಮಾತು ನಿಲ್ಲಿಸುತ್ತಾರೆ. ಫೋನಿನಾಚೆ ಇರುವವರಿಗೆ ಆ ಲಾರಿ ಕಾಣದು. ಧ್ವನಿಯಲ್ಲಿ ಆದೇಶ ಕೊಟ್ಟು ಮುಗಿಸಿದ ಮೇಲೂ ಗಮನ ಪೂರ್ತಿ ಮರಳಲು 27 ಸೆಕೆಂಡ್‌ವರೆಗೆ ಹಿಡಿಯಬಹುದೆಂದು ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಹಾಗೆಂದು ಸಿಟಿಯಲ್ಲಿ ಅಪಾಯ ಕಡಿಮೆ ಎಂದುಕೊಳ್ಳಬೇಡಿ. 40 ಕಿ.ಮೀ. ವೇಗದಲ್ಲಿ ನಿಲ್ಲಲು ಸುಮಾರು 26 ಮೀಟರ್ ಸಾಕು. ಅಷ್ಟು ದೂರದಲ್ಲಿ ಮಗುವೊಂದು ರಸ್ತೆಗೆ ಇಳಿದಾಗ ನೀವು ಒಂದು ಸೆಕೆಂಡ್ ತಡಮಾಡಿದರೆ ಬ್ರೇಕ್ ಒತ್ತುವ ಮೊದಲೇ ಡಿಕ್ಕಿಯಾಗಿರುತ್ತದೆ, ಅದೂ ಪೂರ್ತಿ 40ರ ವೇಗದಲ್ಲಿ.

ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ 30ರ ವೇಗದಲ್ಲೂ ಎರಡು ಸೆಕೆಂಡಿಗೆ 17 ಮೀಟರ್. ಅಷ್ಟರಲ್ಲಿ ತಿರುವು ಬಂದು ನೀವು ಎದುರಿನವರ ದಾರಿಯಲ್ಲಿರುತ್ತೀರಿ. ರಾತ್ರಿ ಹಳ್ಳಿ ರಸ್ತೆಯಂತೂ ಇನ್ನೂ ಕಷ್ಟ: ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಬಣ್ಣ ಮಾಸಿದ ಹಂಪ್, ಒಕ್ಕಣೆಗೆ ಹರವಿದ ಹುರುಳಿ ಹೆಡ್‌ಲೈಟಿಗೆ ಕಾಣುವುದೇ ತಡವಾಗಿ.

ಮ್ಯಾಪ್‌ನಲ್ಲಿ ದಾರಿಯನ್ನು ಹೊರಡುವ ಮೊದಲೇ ಹಾಕಿ, ಫೋನನ್ನು ‘ಡೋಂಟ್ ಡಿಸ್ಟರ್ಬ್’ಗೆ ಇಡಿ. ಕರೆ ಮಾಡಲೇಬೇಕಾದರೆ ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ. ಹಿಂದಿನಿಂದ ಬರುವವರು ಗುದ್ದುವುದು ಅಲ್ಲೇ. ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಆವರಣದೊಳಗೆ ಹೋಗಿ ನಿಲ್ಲಿಸಿ.