ಪಾಸ್‌ವರ್ಡ್ ಬೇರೆಯಾದ ಮಾತ್ರಕ್ಕೆ ನೆಟ್‌ವರ್ಕ್ ಬೇರೆಯಾಗುವುದಿಲ್ಲ

"ಗೆಸ್ಟ್‌ಗಳಿಗೆ ಬೇರೆ ವೈಫೈ, ಬೇರೆ ಪಾಸ್‌ವರ್ಡ್ ಇಟ್ಟಿದ್ದೇವಲ್ಲ ಮಾರಾಯ್ರೆ, ಇನ್ನೇನು ಬೇಕು?" ಗೋಕರ್ಣ, ಮುರ್ಡೇಶ್ವರದ ಕಡೆ ಲಾಡ್ಜ್ ನಡೆಸುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಎರಡೂ ವೈಫೈ ಒಂದೇ ಸ್ವಿಚ್‌ಗೆ (ನೆಟ್‌ವರ್ಕ್ ಕೇಬಲ್‌ಗಳನ್ನೆಲ್ಲ ಕೂಡಿಸುವ ಪೆಟ್ಟಿಗೆ) ಬಂದು ಒಂದೇ 192.168.1 ಸಾಲಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಸಾಧನದ ಗುರುತಿನ ಸಂಖ್ಯೆ) ಪಡೆಯುತ್ತಿದ್ದರೆ, ಬೇರೆಯಾದದ್ದು ಹೆಸರು ಮಾತ್ರ. ರೂಮಿನಲ್ಲಿ ಕೂತವರ ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ರೆಕಾರ್ಡರಿನ ಲಾಗಿನ್ ಪುಟ ತೆರೆಯುತ್ತದೆ. ರಿಸೆಪ್ಷನ್ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇಲ್ಲದ ಶೇರ್ಡ್ ಫೋಲ್ಡರ್ ಇದ್ದರೆ ಅದೂ ತೆರೆಯುತ್ತದೆ, ಹಿಂದಿನ ಗೆಸ್ಟ್‌ಗಳ ಆಧಾರ್ ಸ್ಕ್ಯಾನ್ ಸಮೇತ.

ಇದಕ್ಕೆ ಮದ್ದು ವಿಲ್ಯಾನ್. ಒಂದೇ ಸ್ವಿಚ್ಚನ್ನು ಒಳಗಿಂದೊಳಗೇ ಹಲವು ಸ್ವಿಚ್‌ಗಳಾಗಿ ಪಾಲು ಮಾಡುವ ಏರ್ಪಾಡು. 1998ರಲ್ಲಿ ಬಂದ 802.1ಕ್ಯೂ ಎಂಬ ಮಾನದಂಡದ ಪ್ರಕಾರ, ನೆಟ್‌ವರ್ಕಿನಲ್ಲಿ ಓಡುವ ಮಾಹಿತಿಯ ಪ್ರತಿ ಕಂತೆಗೆ, ಅಂದರೆ ಫ್ರೇಮಿಗೆ, 4 ಬೈಟ್‌ನ ಟ್ಯಾಗ್ ಸೇರಿಸಬಹುದು. ಅದರಲ್ಲಿ 12 ಬಿಟ್ ವಿಲ್ಯಾನ್ ಸಂಖ್ಯೆಗೆ ಮೀಸಲು. ನಮ್ಮ ಬಳಕೆಗೆ ಸಿಗುವುದು 1ರಿಂದ 4094. ಒಂದು ಲಾಡ್ಜಿಗೆ ನಾಲ್ಕು ಸಾಕು: ಆಫೀಸಿಗೆ 10, ಕ್ಯಾಮೆರಾಗಳಿಗೆ 20, ಗೆಸ್ಟ್‌ಗಳಿಗೆ 30, ಸ್ವಿಚ್-ರೂಟರ್‌ಗಳ ಉಸ್ತುವಾರಿಗೆ 99. ಐಪಿ ವಿಳಾಸದ ಮೂರನೇ ಸಂಖ್ಯೆಯನ್ನೂ ಇದಕ್ಕೇ ಹೊಂದಿಸಿಬಿಡಿ. 192.168.30 ಕಂಡ ಕೂಡಲೇ ಗೆಸ್ಟ್ ಎಂದು ಗೊತ್ತಾಗಬೇಕು.

ಕಂಪ್ಯೂಟರ್, ಕ್ಯಾಮೆರಾ ಸಿಕ್ಕಿಸುವ ಪೋರ್ಟ್‌ಗಳು ಒಂದೇ ವಿಲ್ಯಾನ್‌ನಲ್ಲಿ ಅನ್‌ಟ್ಯಾಗ್ಡ್ ಆಗಿರಬೇಕು. ಅವಕ್ಕೆ ಟ್ಯಾಗ್ ಗೊತ್ತಿಲ್ಲ. ರೂಟರಿಗೆ ಹೋಗುವ ಪೋರ್ಟಿನಲ್ಲಿ ನಾಲ್ಕೂ ಟ್ಯಾಗ್ಡ್. ಎರಡು ವೈಫೈ ಹೆಸರು ಬಿಡುವ ಆಕ್ಸೆಸ್ ಪಾಯಿಂಟಿನ ಪೋರ್ಟಿಗೆ 10 ಮತ್ತು 30 ಟ್ಯಾಗ್ಡ್, ಅದರ ಉಸ್ತುವಾರಿಗೆ 99. ಶಿರಸಿಯ ಅಡಿಕೆ ವ್ಯಾಪಾರಿಗಳ ಹಾಗೆ ಮುಂದೆ ಅಂಗಡಿ, ಹಿಂದೆ ಗೋದಾಮು ಇರುವಲ್ಲಂತೂ ಇದು ಬಹಳ ಉಪಯೋಗಕ್ಕೆ ಬರುತ್ತದೆ: ಎರಡು ಕಟ್ಟಡಗಳ ನಡುವೆ ಒಂದೇ ಫೈಬರ್ ಎಳೆದರೆ ಎಲ್ಲ ವಿಲ್ಯಾನ್‌ಗಳೂ ಅದರಲ್ಲೇ ಹೋಗುತ್ತವೆ. ಅಲ್ಲಿ ತಾಮ್ರದ ಕೇಬಲ್ ಎಳೆಯಬೇಡಿ; ಘಟ್ಟದ ಮೇಲಿನ ಗುಡುಗು-ಸಿಡಿಲಿಗೆ ಎರಡೂ ತುದಿಯ ಸ್ವಿಚ್ ಒಟ್ಟಿಗೆ ಹೋಗುತ್ತವೆ.

ಇನ್ನು ಅಸಲಿ ತಲೆನೋವು, ಪಿವಿಐಡಿ, ಅಂದರೆ ಪೋರ್ಟ್ ವಿಲ್ಯಾನ್ ಐಡಿ. ಸಿಸ್ಕೊ ಸ್ವಿಚ್‌ನಲ್ಲಿ ಪೋರ್ಟನ್ನು ಆಕ್ಸೆಸ್ ಮೋಡ್‌ಗೆ (ಒಂದೇ ವಿಲ್ಯಾನಿಗೆ ಸೇರಿದ ಪೋರ್ಟ್) ಹಾಕಿ ವಿಲ್ಯಾನ್ 30 ಎಂದರೆ ಮುಗಿಯಿತು. ವೆಬ್ ಪುಟದಿಂದ ನಡೆಸುವ ಅಗ್ಗದ ಸ್ಮಾರ್ಟ್ ಸ್ವಿಚ್‌ಗಳು ಹಾಗಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಕೆಲಸ ಎರಡು ಕಡೆ ಇರುತ್ತದೆ: ಪೋರ್ಟಿನಿಂದ ಹೊರಗೆ ಹೋಗುವ ಫ್ರೇಮಿಗೆ ಟ್ಯಾಗ್ ಇರಬೇಕೇ ಬೇಡವೇ ಎಂಬುದನ್ನು ಟ್ಯಾಗ್ಡ್, ಅನ್‌ಟ್ಯಾಗ್ಡ್ ಎಂಬ ಗುರುತು ನಿರ್ಧರಿಸುತ್ತದೆ, ಟ್ಯಾಗಿಲ್ಲದೆ ಒಳಗೆ ಬರುವ ಫ್ರೇಮು ಯಾವ ವಿಲ್ಯಾನಿಗೆ ಎಂಬುದನ್ನು ಪಿವಿಐಡಿ. ಪೋರ್ಟನ್ನು 30ಕ್ಕೆ ಅನ್‌ಟ್ಯಾಗ್ಡ್ ಮಾಡಿ ಪಿವಿಐಡಿಯನ್ನು 1ರಲ್ಲೇ ಬಿಟ್ಟರೆ, ಬಂದದ್ದೆಲ್ಲ ವಿಲ್ಯಾನ್ 1ಕ್ಕೆ, ಅಂದರೆ ಹೊಸ ಸ್ವಿಚ್ಚಿನಲ್ಲಿ ಎಲ್ಲ ಪೋರ್ಟೂ ಮೊದಲಿಗೆ ಇರುವ ವಿಲ್ಯಾನಿಗೆ ಹೋಗುತ್ತದೆ. ವಿಲ್ಯಾನ್ 1ರ ಸದಸ್ಯತ್ವ ತೆಗೆದಿದ್ದರೆ ಐಪಿಯೇ ಸಿಗುವುದಿಲ್ಲ. ಕೂಡಲೇ ಹುಡುಕಿ ಸರಿ ಮಾಡುತ್ತೀರಿ. ತೆಗೆದಿರದಿದ್ದರೆ? ಹಳೆಯ ನೆಟ್‌ವರ್ಕಿನಿಂದಲೇ ಐಪಿ ಸಿಗುತ್ತದೆ, ಇಂಟರ್ನೆಟ್ ಓಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಗೆಸ್ಟ್ ಇನ್ನೂ ಹಳೆಯ ನೆಟ್‌ವರ್ಕಿನಲ್ಲೇ ಇರುತ್ತಾನೆ. ಆದ್ದರಿಂದ ಮೂರೂ ಆಗಬೇಕು: 30ಕ್ಕೆ ಅನ್‌ಟ್ಯಾಗ್ಡ್, ಪಿವಿಐಡಿ 30, ವಿಲ್ಯಾನ್ 1ರಿಂದ ಹೊರಗೆ. ಕೆಲಸ ಮುಗಿಯುವವರೆಗೆ ನಿಮ್ಮ ಲ್ಯಾಪ್‌ಟಾಪ್ ಸಿಕ್ಕಿಸಿದ ಪೋರ್ಟನ್ನು ಮಾತ್ರ ಮುಟ್ಟಬೇಡಿ. ನಿಮ್ಮನ್ನು ನೀವೇ ಹೊರಗೆ ಹಾಕಿಕೊಂಡರೆ ಮತ್ತೆ ಸೂಜಿ ಹಿಡಿದು ರೀಸೆಟ್ ಗುಂಡಿ ಒತ್ತುವುದೇ ಗತಿ.

ಇಷ್ಟಕ್ಕೇ ಮಾಲೀಕರಿಗೆ ಬಿಲ್ ಕೊಟ್ಟು ಹೊರಡುವ ಟೆಕ್ನಿಷಿಯನ್‌ಗಳನ್ನು ಕಂಡರೆ ನನಗೆ ಸಿಟ್ಟು. ಸ್ವಿಚ್ ಬೇರೆ ಮಾಡಿದ್ದನ್ನು ರೂಟರ್ ಮತ್ತೆ ಕೂಡಿಸುತ್ತದೆ. ಅದರ ಕೆಲಸವೇ ಅದು. ನಾಲ್ಕೂ ವಿಲ್ಯಾನಿಗೆ ಅದರಲ್ಲಿ ಒಂದೊಂದು ವಿಳಾಸ ಇರುವುದರಿಂದ, ತಡೆಯುವ ನಿಯಮ ಬರೆಯದಿದ್ದರೆ ಸಿಸ್ಕೊ, ಮೈಕ್ರೊಟಿಕ್‌ನಂಥ ರೂಟರ್‌ಗಳು 30ರಿಂದ 20ಕ್ಕೆ ನಿರಾಳವಾಗಿ ದಾಟಿಸುತ್ತವೆ. ಗೋಡೆ ಕಟ್ಟಿ ಬಾಗಿಲಿಗೆ ಚಿಲಕ ಹಾಕದಂತೆ. ನಿಯಮಗಳು ಸರಳ: ಗೆಸ್ಟ್‌ಗಳಿಗೆ ಇಂಟರ್ನೆಟ್ ಬಿಟ್ಟರೆ ಬೇರೇನೂ ಇಲ್ಲ, ರೂಟರಿನಿಂದ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವುದು), ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವುದು) ಸಿಗಲಿ, ಅದರ ಅಡ್ಮಿನ್ ಪುಟ ಬೇಡ. ಕ್ಯಾಮೆರಾಗಳಿಗೆ ಇಂಟರ್ನೆಟ್ ಬೇಡ. ಆಫೀಸಿನಿಂದ ರೆಕಾರ್ಡರಿಗೆ ಹೋಗಲು ಬಿಡಿ, ಅದರ ಉತ್ತರವೂ ಬರಲಿ. ಕ್ಯಾಮೆರಾ ಕಡೆಯಿಂದ ಹೊಸದಾಗಿ ಆಫೀಸಿಗೆ ಬರುವುದಕ್ಕೆ ತಡೆ. ಮಾಲೀಕರು ಮೊಬೈಲಿನಲ್ಲಿ ಊರಾಚೆಯಿಂದ ಕ್ಯಾಮೆರಾ ನೋಡಬೇಕು ಎನ್ನುತ್ತಾರೆ, ಎಲ್ಲರೂ ಎನ್ನುತ್ತಾರೆ. ಅದಕ್ಕೆ ವಿಪಿಎನ್ (ಹೊರಗಿನಿಂದ ಒಳಗಿನ ನೆಟ್‌ವರ್ಕಿಗೆ ಬರುವ ಸುರಕ್ಷಿತ ದಾರಿ) ಮಾಡಿಕೊಡಿ.

ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಕೆಲವು ಸ್ವಿಚ್‌ಗಳಲ್ಲಿ ಅಪ್ಲೈ ಬೇರೆ, ಸೇವ್ ಬೇರೆ. ಸಿಸ್ಕೊದಲ್ಲೂ ರನ್ನಿಂಗ್ ಕಾನ್ಫಿಗನ್ನು (ಈಗ ಓಡುತ್ತಿರುವ ಸೆಟ್ಟಿಂಗ್) ಸ್ಟಾರ್ಟಪ್‌ಗೆ (ಆನ್ ಆದಾಗ ಓದಿಕೊಳ್ಳುವ ಸೆಟ್ಟಿಂಗ್) ನಕಲು ಮಾಡದಿದ್ದರೆ, ಕರೆಂಟು ಬಂದ ಮೇಲೆ ಮಾಡಿದ್ದೆಲ್ಲ ಮಾಯ. ಹೊರಡುವ ಮುಂಚೆ ಸ್ವಿಚ್ಚಿನ ಪ್ಲಗ್ಗನ್ನೇ ಕಿತ್ತು ಮತ್ತೆ ಹಾಕಿ ನೋಡಿ. ಆಮೇಲೆ ಗೆಸ್ಟ್ ವೈಫೈಗೆ ಸೇರಿ ರೆಕಾರ್ಡರಿಗೆ ಪಿಂಗ್ ಮಾಡಿ, ಅಂದರೆ ಉತ್ತರ ಕೊಡುತ್ತದೆಯೇ ಎಂದು ಕೂಗಿ ನೋಡಿ. ಉತ್ತರ ಬರಬಾರದು. ಇಂಟರ್ನೆಟ್ ಬರುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ, ಬರಬಾರದ್ದು ಬರುತ್ತಿಲ್ಲವೇ ಎಂದು ನೋಡುವವರು ಕಡಿಮೆ.

ಉಳಿದ ಖಾಲಿ ಪೋರ್ಟ್‌ಗಳನ್ನು ಯಾವುದಕ್ಕೂ ಬಳಸದ 999ರಂಥ ವಿಲ್ಯಾನಿಗೆ ತಳ್ಳಿ, ಡಿಸೇಬಲ್ ಮಾಡಿ. ನಾಳೆ ಮೋಡೆಮ್ ಬದಲಿಸಲು ಬಂದ ಹುಡುಗ ಖಾಲಿ ಕಂಡ ತೂತಿಗೆ ಕೇಬಲ್ ಸಿಕ್ಕಿಸಿದರೆ ಏನೂ ಓಡುವುದಿಲ್ಲ, ಆಗ ನಿಮಗೆ ಫೋನ್ ಬರುತ್ತದೆ.