ಸೀಸದ ಹೊಗೆಗಿಂತ ಧೂಳಿಗೆ ಹೆದರಿ

ಕೆಲಸದಿಂದ, ಹವ್ಯಾಸದಿಂದ ಬರುವ ಕಾಯಿಲೆಗಳನ್ನು ನೋಡುವ ವೈದ್ಯ ನಾನು. ಇರುವುದು ಅಮೆರಿಕದ ಓಹಾಯೋದಲ್ಲಿ. ರಕ್ತದಲ್ಲಿ ಸೀಸ ಜಾಸ್ತಿ ಇದೆ ಅಂತ ಬರುವವರಲ್ಲಿ ಬ್ಯಾಟರಿ ಕಾರ್ಖಾನೆಯವರು, ಹಳೆಯ ಮನೆಗಳ ಬಣ್ಣ ಕೆರೆಯುವವರು ಇರುತ್ತಾರೆ. ಅವರ ಜೊತೆಗೆ ಇನ್ನೊಂದು ಗುಂಪೂ ಇದೆ. ಗ್ಯಾರೇಜಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಕೋವಿಗೆ ಗುಂಡು ಮಾಡಿಕೊಳ್ಳುವವರು.

ಇಲ್ಲಿ ಜಿಂಕೆ ಬೇಟೆಗೆ ಬಹಳ ಕಾಲ ರೈಫಲ್ ಬಳಸುವಂತಿರಲಿಲ್ಲ. ಹೊಲ, ಮನೆ ಹತ್ತಿರ ಹತ್ತಿರ ಇರುವ ಊರುಗಳಲ್ಲಿ ರೈಫಲಿನ ಗುಂಡು ತೀರಾ ದೂರ ಹೋಗುತ್ತದಲ್ವಾ, ಅದಕ್ಕೆ. 2014ರಲ್ಲಿ ಕೆಲವು ಬಗೆಯ ರೈಫಲ್‌ಗಳಿಗೆ ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ಹೆಚ್ಚಿನವರ ಕೈಯಲ್ಲಿ ಇದ್ದದ್ದು 12 ಬೋರಿನ ತೋಟಾ ಕೋವಿ, ಅದರೊಳಗೆ ಚರೆಯ ಬದಲು ಸೀಸದ ಒಂದೇ ದಪ್ಪ ಗುಂಡು. ಅಂಗಡಿಯಲ್ಲಿ ಐದರ ಪೆಟ್ಟಿಗೆಗೆ ಕೊಡುವ ದುಡ್ಡು ನೋಡಿದರೆ ಮನೆಯಲ್ಲೇ ಮಾಡೋಣ ಅನ್ನಿಸುವುದು ಸಹಜ. ಒಂದು ಗುಂಡಿಗೆ ಸುಮಾರು 28 ಗ್ರಾಂ. ನೂರು ಗುಂಡು ಹೊಯ್ದರೆ ಮೂರು ಕಿಲೋ ಹತ್ತಿರ ಸೀಸ ಕೈಮೇಲೆ ಓಡಾಡಿರುತ್ತದೆ. ಮದ್ದು, ತೋಟಾ ತುಂಬುವ ಲೆಕ್ಕ ನನ್ನದಲ್ಲ. ನಾನು ಹೇಳುವುದು ಈ ಮೂರು ಕಿಲೋದ ಮಾತು.

ಬಂದವರೆಲ್ಲ ಮೊದಲು ಹೇಳುವುದು ಒಂದೇ: "ಡಾಕ್ಟರೇ, ನಾನು ಫ್ಯಾನ್ ಹಾಕಿಕೊಂಡೇ ಕರಗಿಸೋದು." ಒಳ್ಳೆಯದೇ. ಆದರೆ ಸೀಸ 327 ಡಿಗ್ರಿಗೆ ಕರಗುತ್ತದೆ. ಎರಕಕ್ಕೆ ಬೇಕಾದ ಬಿಸಿ ಅದಕ್ಕಿಂತ ಸ್ವಲ್ಪ ಮೇಲೆ. ಅಷ್ಟಕ್ಕೆ ಸೀಸ ಆವಿಯಾಗುವುದು ತೀರಾ ಕಡಿಮೆ. ಬಿಸಿ ವಿಪರೀತ ಏರಿಸಿದರೆ ಮಾತ್ರ ಆವಿ ದೊಡ್ಡ ತೊಂದರೆ ಕೊಡುತ್ತದೆ. ನಿಜವಾದ ಕಳ್ಳ ಇರುವುದು ಪಾತ್ರೆಯ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟದಲ್ಲಿ. ಅದನ್ನು ಚಮಚದಲ್ಲಿ ತೆಗೆದು ಪಕ್ಕದ ಡಬ್ಬಕ್ಕೆ ಸುರಿಯುತ್ತಾರೆ, ಪುಡಿ ಏಳುತ್ತದೆ. ಅದು ಬರೀ ಸೀಸವಲ್ಲ, ಸೀಸದ ಆಕ್ಸೈಡ್. ಗಟ್ಟಿ ಗುಂಡು ಹಿಡಿದರೆ ಆಗುವುದಕ್ಕಿಂತ ಈ ನುಣ್ಣನೆ ಪುಡಿ ಮೈಗೆ ಸೇರುವುದು ಬಹಳ ಸುಲಭ. ಹೆಚ್ಚಿನ ತೋಟಾಗಳ ಕೇಪಿನಲ್ಲೂ, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆಯಲ್ಲೂ, ಸೀಸದ ಸಂಯುಕ್ತ ಇರುತ್ತದೆ. ಸುಟ್ಟ ತೋಟಾ ಒರೆಸುವಾಗ ಏಳುವ ಧೂಳನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ.

ಒಬ್ಬರು ತುಂಬಾ ಶಿಸ್ತಿನವರು. ಮುಖವಾಡ, ಕೈಗವಸು, ಫ್ಯಾನ್ ಎಲ್ಲ ಇತ್ತು. ಆದರೂ ರಕ್ತದಲ್ಲಿ ಸೀಸ ಇಳಿಯಲಿಲ್ಲ. ಸೀಸ ತಾಗಿದರೆ ಕೆಂಪಾಗುವ ಒರೆಸುವ ಕಡ್ಡಿಗಳು ಸಿಗುತ್ತವೆ. ಅವನ್ನು ಕೊಟ್ಟು, ಮನೆಯಲ್ಲಿ ಎಲ್ಲೆಲ್ಲಿ ಕೈ ಇಡುತ್ತೀರೋ ಅಲ್ಲೆಲ್ಲ ಒರೆಸಿ ಫೋಟೋ ತನ್ನಿ ಅಂದೆ. ಕೆಲಸದ ಮೇಜು ಕೆಂಪು, ಅದು ಸರಿ. ಕಾಫಿ ಲೋಟದ ಹಿಡಿಯೂ ಕೆಂಪು. ಕಾರಿನ ಸ್ಟೀರಿಂಗ್ ಕೆಂಪು. ಗ್ಯಾರೇಜಿನಿಂದ ಅಡುಗೆಮನೆಗೆ ಹೋಗುವ ಬಾಗಿಲಿನ ಹಿಡಿ ಎಲ್ಲಕ್ಕಿಂತ ಕೆಂಪು. ಗವಸು ತೆಗೆಯುವುದಕ್ಕೆ ಮುಂಚೆಯೇ ಬಾಗಿಲು ತೆಗೆಯುತ್ತಿದ್ದರು, ಅಷ್ಟೆ.

ಅಂದರೆ ದಾರಿ ಮೂಗಿಗಿಂತ ಬಾಯಿ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಪಾಲು ಮೈಗೆ ಸೇರುತ್ತದೆ. ಮಕ್ಕಳಲ್ಲಿ ಅರ್ಧದವರೆಗೂ ಹೋಗಬಹುದು. ಅಪ್ಪನ ಶೂ, ಅಪ್ಪನ ಅಂಗಿ, ನೆಲದಲ್ಲಿ ತೆವಳುವ ಮಗು... ಮುಂದಿನದು ನಿಮಗೇ ಗೊತ್ತು. ಅದಕ್ಕೇ ಕರಗಿಸುವ ಜಾಗಕ್ಕೆ ಬೇರೆ ಅಂಗಿ, ಬೇರೆ ಚಪ್ಪಲಿ. ಅವು ಮನೆಯೊಳಗೆ ಬರಬಾರದು, ಬೇರೆ ಬಟ್ಟೆಗಳ ಜೊತೆ ತೊಳೆಯಲೂಬಾರದು. ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಲ್ಲಿ ತಿನ್ನುವುದು, ಕುಡಿಯುವುದು, ಸಿಗರೇಟು ಯಾವುದೂ ಬೇಡ. ಅಡುಗೆಮನೆಯ ಪಾತ್ರೆಯಲ್ಲಿ ಕರಗಿಸಿ ಆಮೇಲೆ ತೊಳೆದಿಡುತ್ತೇನೆ ಅನ್ನುವವರಿಗೆ ನಾನು ಸಮಾಧಾನವಾಗಿ ಉತ್ತರ ಕೊಡುವುದಿಲ್ಲ.

ದುಡ್ಡು ಉಳಿಸುವ ಆಸೆಯಲ್ಲಿ ಹಳೆಯ ಕಾರ್ ಬ್ಯಾಟರಿ ಒಡೆಯುವವರೂ ಇದ್ದಾರೆ. ಇದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಆ ಸೀಸದಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂ ಬೆರೆತಿರುತ್ತವೆ. ಕರಗಿಸಿ ತೆಗೆದ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೀನ್‌ನಂಥ ವಿಷದ ಗಾಳಿ ಹುಟ್ಟಬಹುದು. ಆರ್ಸೀನ್ ರಕ್ತಕಣಗಳನ್ನೇ ಒಡೆಯುತ್ತದೆ. ನೀರಿನ ಇನ್ನೊಂದು ಕಾಟ ಹವ್ಯಾಸಿಗಳಿಗೆಲ್ಲ ಗೊತ್ತು. ಕರಗಿದ ಸೀಸದೊಳಗೆ ಒಂದು ಹನಿ ಹೋದರೂ ಅದು ಸಾವಿರಾರು ಪಟ್ಟು ಹಿಗ್ಗಿ ಆವಿಯಾಗಿ ಬಿಸಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಮಳೆಯಲ್ಲಿ ಬಿದ್ದಿದ್ದ ತುಂಡನ್ನು ನೇರವಾಗಿ ಪಾತ್ರೆಗೆ ಹಾಕಿ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ ಕನಿಷ್ಠ ಏಳು ವರ್ಷ ಜೈಲು. ಕೊಡವರಿಗೂ, ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ತಯಾರಿಸುವುದಕ್ಕೆ ಅಲ್ಲ. ಆದರೆ ಬಲೆಗೆ ಸೀಸದ ಗುಂಡು ಹೊಯ್ಯುವ ಮೀನುಗಾರರಿಗೂ, ಬ್ಯಾಟರಿ ರಿಪೇರಿಯವರಿಗೂ ಧೂಳಿನ ವಿಷಯ ಅಷ್ಟೇ ಅನ್ವಯಿಸುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಸೀಸ ಇಳಿಯುತ್ತದೆ ಅನ್ನುವುದು ಸುಮ್ನೆ ಮಾತು. ಖಾಲಿ ಹೊಟ್ಟೆಯಲ್ಲಿ ಸೀಸ ಜಾಸ್ತಿ ಸೇರುತ್ತದೆ, ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದವರಿಗೂ ಹಾಗೆಯೇ. ಊಟ ಬಿಡಬೇಡಿ ಅನ್ನುವಷ್ಟು ನಿಜ ಅದರಲ್ಲಿದೆ.

ಪರೀಕ್ಷೆ ಮಾಡಿಸುವಾಗ ತೋಳಿನ ರಕ್ತನಾಳದಿಂದಲೇ ರಕ್ತ ಕೊಡಿ. ಬೆರಳು ಚುಚ್ಚಿದರೆ ಚರ್ಮದ ಮೇಲಿನ ಧೂಳೂ ಸೇರಿ ತಪ್ಪು ಲೆಕ್ಕ ಬರಬಹುದು. ಮಕ್ಕಳಿಗೆ ಅಮೆರಿಕದಲ್ಲಿ ಈಗ ಇಟ್ಟಿರುವ ಎಚ್ಚರಿಕೆಯ ಗೆರೆ ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ 3.5 ಮೈಕ್ರೊಗ್ರಾಂ ಸೀಸ. ದೊಡ್ಡವರಲ್ಲಿ ಸುಸ್ತು, ಮಲಬದ್ಧತೆ, ಸಿಡುಕು ಕಾಣಿಸಬಹುದು, ಏನೂ ಕಾಣಿಸದೆಯೂ ಇರಬಹುದು. ಎರಕ ನಿಲ್ಲಿಸಿದರೆ ರಕ್ತದ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧವಾಗುತ್ತದೆ. ಮೂಳೆಗೆ ಹೋಗಿ ಕೂತದ್ದು ಹತ್ತಾರು ವರ್ಷ ಅಲ್ಲೇ ಇರುತ್ತದೆ, ಬಸಿರಿನಲ್ಲಿ ಮತ್ತೆ ರಕ್ತಕ್ಕೆ ಬರುತ್ತದೆ. ಮನೆಯಲ್ಲಿ ಬಸುರಿ ಹೆಂಗಸೋ ಸಣ್ಣ ಮಗುವೋ ಇದ್ದರೆ ನಿಮ್ಮ ಜೊತೆಗೆ ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿ.