‘ಲಾರೆನ್ಸ್ ಆಫ್ ಅರೇಬಿಯಾ’ಗೆ ಮೊದಲು ಒಮರ್ ಷರೀಫ್ ಯಾರಾಗಿದ್ದರು?

ಓದುಗರ ಪ್ರಶ್ನೆ: ‘ಲಾರೆನ್ಸ್ ಆಫ್ ಅರೇಬಿಯಾ’, ‘ಡಾಕ್ಟರ್ ಜಿವಾಗೊ’ ಚಿತ್ರಗಳ ಮೂಲಕ ನಮಗೆ ಪರಿಚಿತರಾದ ಒಮರ್ ಷರೀಫ್ ಹಾಲಿವುಡ್ ಬೆಳೆಸಿದ ನಟರೇ? ಅದಕ್ಕೆ ಮೊದಲೇ ಅವರಿಗೆ ಈಜಿಪ್ಟಿನಲ್ಲಿ ಹೆಸರಿತ್ತೇ?

ಇತ್ತು, ಅದೂ ಸಣ್ಣ ಹೆಸರಲ್ಲ. ಡೇವಿಡ್ ಲೀನ್ ನಿರ್ದೇಶನದ ‘ಲಾರೆನ್ಸ್ ಆಫ್ ಅರೇಬಿಯಾ’ 1962ರ ಡಿಸೆಂಬರಿನಲ್ಲಿ ತೆರೆಕಂಡಾಗ ಷರೀಫ್ ಕೈರೊ ಚಿತ್ರರಂಗದಲ್ಲಿ ನಾಯಕನಟರಾಗಿ ಎಂಟು ವರ್ಷ ಕಳೆದಿದ್ದರು, ಅರಬ್ ಜಗತ್ತು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ನಟಿಯನ್ನು ಮದುವೆಯಾಗಿದ್ದರು, ಈಜಿಪ್ಟಿನ ಅತ್ಯುತ್ತಮ ಚಿತ್ರಗಳೆಂದು ಇಂದಿಗೂ ಎಣಿಸಲಾಗುವ ಕೆಲವು ಚಿತ್ರಗಳಲ್ಲಿ ನಟಿಸಿ ಮುಗಿಸಿದ್ದರು. ಆದರೂ ಆ ಚಿತ್ರಕ್ಕಾಗಿ ಅವರಿಗೆ ದೊರೆತ ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳು ಎರಡು: ಒಂದು ಪೋಷಕ ನಟನಿಗೆ ಸಲ್ಲುವುದು, ಇನ್ನೊಂದು ಭರವಸೆಯ ಹೊಸ ನಟನಿಗೆ ಸಲ್ಲುವುದು. ಕೈರೊದ ಪ್ರೇಕ್ಷಕರಿಗೆ ಹಳಬರಾಗಿದ್ದವರನ್ನು ಹೊಸಬರೆಂದು ಪಶ್ಚಿಮ ದೇಶಗಳು ಗುರುತಿಸಿದ ಆ ಕ್ಷಣದಿಂದಲೇ ನಿಮ್ಮ ಪ್ರಶ್ನೆಯಲ್ಲಿರುವ ತಿಳಿವಳಿಕೆ ಜಗತ್ತಿನಲ್ಲೆಲ್ಲ ಹರಡಿತು. ಅವರ ಇಂಗ್ಲಿಷ್ ಚಿತ್ರಗಳನ್ನೂ ಅರಬ್ಬಿ ಚಿತ್ರಗಳನ್ನೂ ಜೊತೆಗಿಟ್ಟು ನೋಡಿದರೆ, ನಟರಾಗಿ ಅವರು ಹೆಚ್ಚು ಆಳಕ್ಕೆ ಇಳಿದದ್ದು ಅರಬ್ಬಿಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವರು ಹುಟ್ಟಿದ್ದು 1932ರ ಏಪ್ರಿಲ್ 10ರಂದು, ಮೆಡಿಟರೇನಿಯನ್ ತೀರದ ಅಲೆಕ್ಸಾಂಡ್ರಿಯ ನಗರದಲ್ಲಿ. ಹುಟ್ಟುಹೆಸರು ಮಿಶೆಲ್ ಶಲ್ಹೂಬ್. ಸಿರಿಯ–ಲೆಬನಾನ್ ಸೀಮೆಯಿಂದ ಬಂದು ಈಜಿಪ್ಟಿನಲ್ಲಿ ನೆಲೆಸಿದ್ದ ಮೆಲ್ಕೈಟ್ ಕ್ಯಾಥೊಲಿಕ್ ಕ್ರೈಸ್ತ ಕುಟುಂಬ ಅದು. ತಂದೆ ಮರಮುಟ್ಟಿನ ದೊಡ್ಡ ವ್ಯಾಪಾರಿ. ತಾಯಿ ಕ್ಲೇರ್ ಅವರ ಇಸ್ಪೀಟಿನ ಕೂಟಗಳಿಗೆ ದೊರೆ ಫಾರೂಕ್ ಕೂಡ ಬಂದು ಕೂರುತ್ತಿದ್ದುದುಂಟು. ಮಗ ದಪ್ಪಗಾಗುತ್ತಿದ್ದಾನೆಂದು ಚಿಂತಿಸಿದ ತಾಯಿ, ಇಂಗ್ಲಿಷರ ಶಾಲೆಯ ರುಚಿಯಿಲ್ಲದ ಊಟವಾದರೂ ಅವನನ್ನು ಇಳಿಸೀತೆಂದು ವಿಕ್ಟೋರಿಯಾ ಕಾಲೇಜಿಗೆ ಸೇರಿಸಿದರೆಂದು ಷರೀಫ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮೈ ಇಳಿಯಿತು, ಇಂಗ್ಲಿಷ್ ಒಲಿಯಿತು, ಶಾಲೆಯ ನಾಟಕಗಳಲ್ಲಿ ಬಣ್ಣ ಹಚ್ಚುವ ಚಟವೂ ಅಂಟಿತು. ಮುಂದೆ ಕೈರೊ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ, ಕೆಲಕಾಲ ತಂದೆಯ ವ್ಯಾಪಾರದಲ್ಲಿಯೂ ಕೈಜೋಡಿಸಿದರು.

ಅವರನ್ನು ಚಿತ್ರರಂಗಕ್ಕೆ ತಂದವರು ಅದೇ ವಿಕ್ಟೋರಿಯಾ ಕಾಲೇಜಿನಲ್ಲಿ ಅವರಿಗಿಂತ ಮೊದಲು ಓದಿದ್ದ ನಿರ್ದೇಶಕ ಯೂಸೆಫ್ ಶಾಹೀನ್. 1954ರ ‘ಸಿರಾ ಫಿಲ್ ವಾದಿ’ ಶಾಹೀನ್ ಅವರ ಆರಂಭದ ಚಿತ್ರಗಳಲ್ಲೊಂದು. ದಕ್ಷಿಣ ಈಜಿಪ್ಟಿನ ಕಬ್ಬಿನ ಸೀಮೆಯಲ್ಲಿ ನಡೆಯುವ ಕಥೆ: ಕೃಷಿ ಓದಿಕೊಂಡು ಊರಿಗೆ ಮರಳಿದ ಯುವಕನೊಬ್ಬ ರೈತರ ಕಬ್ಬಿನ ಗುಣಮಟ್ಟವನ್ನು ಹೆಚ್ಚಿಸುತ್ತಾನೆ, ತನ್ನ ಬೆಳೆಗೆ ಪೈಪೋಟಿ ಬಂತೆಂದು ಕೆರಳಿದ ಜಮೀನುದಾರ ಪಾಷಾ ಆ ಬೆಳೆಯನ್ನು ನೀರುಪಾಲು ಮಾಡಿಸುತ್ತಾನೆ, ಯುವಕನ ತಂದೆಯ ತಲೆಗೆ ಸುಳ್ಳು ಕೊಲೆ ಆರೋಪ ಕಟ್ಟಲಾಗುತ್ತದೆ. ದೊರೆತನ ಕಳಚಿಬಿದ್ದ 1952ರ ಕ್ರಾಂತಿಗೆ ಆಗಿನ್ನೂ ಎರಡೇ ವರ್ಷ ತುಂಬಿತ್ತು, ಭೂ ಸುಧಾರಣೆಯ ಮಾತು ಎಲ್ಲೆಡೆ ಇತ್ತು. ಪಾಷಾನನ್ನು ಖಳನಾಗಿಸಿದ ಈ ಚಿತ್ರ ಸಕಾಲಕ್ಕೇ ಬಂದಿತ್ತು. ಅದು ಅದೇ ವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಯಿತು.

ಪಾಷಾನ ಮಗಳಾಗಿ ನಟಿಸಿದವರು ಬಾಲನಟಿಯಾಗಿದ್ದ ಕಾಲದಿಂದಲೂ ಈಜಿಪ್ಟಿನ ಮನೆಮಾತಾಗಿದ್ದ ಫಾತೆನ್ ಹಮಾಮಾ. ಅಲ್ಲಿಯವರೆಗೆ ತೆರೆಯ ಮೇಲೆ ಚುಂಬನಕ್ಕೆ ಒಪ್ಪದಿದ್ದ ಅವರು ಈ ಹೊಸ ನಟನೊಂದಿಗಿನ ದೃಶ್ಯಕ್ಕೆ ಒಪ್ಪಿದ್ದು ದೊಡ್ಡ ಸುದ್ದಿಯಾಯಿತು. ಷರೀಫ್ ಇಸ್ಲಾಮನ್ನು ಸ್ವೀಕರಿಸಿದರು. 1955ರಲ್ಲಿ ಇಬ್ಬರ ಮದುವೆಯಾಯಿತು. 1957ರಲ್ಲಿ ಮಗ ತಾರೆಕ್ ಹುಟ್ಟಿದ. ತೆರೆಯ ಮೇಲೂ ಈ ಜೋಡಿ ಬೇಡಿಕೆಯ ಜೋಡಿಯಾಯಿತು. ‘ಅಯ್ಯಾಮ್ನಾ ಅಲ್ ಹಿಲ್ವಾ’, ‘ಸೈಯಿದತ್ ಅಲ್ ಕಸ್ರ್’, ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ವನ್ನು ಈಜಿಪ್ಟಿಗೆ ಒಗ್ಗಿಸಿಕೊಂಡ ‘ನಹ್ರ್ ಅಲ್ ಹುಬ್’ ಮುಂತಾದವು ಆ ಸಾಲಿನವು. ಈ ಕೊನೆಯ ಚಿತ್ರದ ನಿರ್ದೇಶಕ ಇಜ್ ಎದ್ದೀನ್ ಝುಲ್ಫಿಕಾರ್ ಬೇರಾರೂ ಅಲ್ಲ, ಹಮಾಮಾ ಅವರ ಮೊದಲ ಪತಿ. ಅಂದಿನ ಕೈರೊ ಚಿತ್ರರಂಗ ಎಷ್ಟು ಒತ್ತಾಗಿ ಹೆಣೆದುಕೊಂಡಿತ್ತೆಂಬುದು ಇದೊಂದರಿಂದಲೇ ತಿಳಿಯುತ್ತದೆ.

ಪ್ರಣಯಚಿತ್ರಗಳಷ್ಟೇ ಇದ್ದಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. 1960ರ ‘ಬಿದಾಯಾ ವ ನಿಹಾಯಾ’ವನ್ನು ನೋಡಬೇಕು. ಮುಂದೆ 1988ರಲ್ಲಿ ನೊಬೆಲ್ ಪಡೆದ ನಗೀಬ್ ಮಹಫೂಜ್ ಅವರ ಕಾದಂಬರಿಗಳಲ್ಲಿ ಮೊದಲು ಚಿತ್ರವಾದದ್ದು ಇದು. ನಿರ್ದೇಶಕರು ಸಲಾಹ್ ಅಬು ಸೈಫ್. ಮನೆಯ ಯಜಮಾನ ತೀರಿಕೊಂಡು ಕುಟುಂಬ ಬಡತನಕ್ಕೆ ಬೀಳುತ್ತದೆ. ಕಿರಿಯ ಮಗ ಹಸನೈನ್‌ಗೆ ಸೇನಾಧಿಕಾರಿಯಾಗುವ ಹಂಬಲ. ಅವನ ಸಮವಸ್ತ್ರದ ಹಿಂದಿರುವುದು ಅಣ್ಣನ ಅಡ್ಡದಾರಿಯ ಸಂಪಾದನೆ ಮತ್ತು ಬಟ್ಟೆ ಹೊಲಿಯುತ್ತಿದ್ದು ಕೊನೆಗೆ ಮೈ ಮಾರಿಕೊಳ್ಳುವ ಸ್ಥಿತಿಗೆ ಇಳಿದ ಅಕ್ಕ ನಫೀಸಾಳ ದುಡಿಮೆ. ಆ ಅಕ್ಕ ಪೊಲೀಸರ ಕೈಗೆ ಸಿಕ್ಕಿದಾಗ ಅವಳನ್ನು ನೈಲ್ ನದಿಯ ದಂಡೆಗೆ ಕರೆತರುವವನು ಇದೇ ತಮ್ಮ. ಮರ್ಯಾದೆ ಹೋಯಿತೆಂಬ ಕೋಪ, ತಾನು ಉಂಡದ್ದು ಯಾರ ಅನ್ನವೆಂಬ ಅರಿವು, ಎರಡನ್ನೂ ಷರೀಫ್ ಹೆಚ್ಚು ಮಾತಿಲ್ಲದೆ ಮುಖದಲ್ಲೇ ತರುತ್ತಾರೆ. ಪ್ರೇಕ್ಷಕರು ಮೆಚ್ಚುವ ಚೆಲುವ ನಾಯಕನೊಬ್ಬ ಇಷ್ಟು ಹೇಡಿಯಾದ, ಇಷ್ಟು ಸ್ವಾರ್ಥಿಯಾದ ಪಾತ್ರವನ್ನು ಒಪ್ಪಿಕೊಂಡು, ಅವನ ಬಗ್ಗೆ ನಮ್ಮಲ್ಲಿ ಕನಿಕರವನ್ನೂ ಹುಟ್ಟಿಸುವುದು ಸುಲಭದ ಕೆಲಸವಲ್ಲ. ಮರುವರ್ಷದ ‘ಫಿ ಬೈತಿನಾ ರಜುಲ್’ ಚಿತ್ರದಲ್ಲಿ ಅವರು ರಂಜಾನ್ ತಿಂಗಳಲ್ಲಿ ಮಧ್ಯಮವರ್ಗದ ಮನೆಯೊಂದರಲ್ಲಿ ಅಡಗುವ ಕ್ರಾಂತಿಕಾರಿಯಾದರು.

ಇಷ್ಟಾದ ಮೇಲೆ ಬಂದದ್ದು ಡೇವಿಡ್ ಲೀನ್ ಅವರ ಕರೆ. ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಅವರ ಪಾತ್ರವಾದ ಷರೀಫ್ ಅಲಿಯ ಪ್ರವೇಶವನ್ನು ನೋಡಿದವರು ಮರೆಯುವುದಿಲ್ಲ: ಜೋರ್ಡಾನಿನ ಮರುಭೂಮಿ, ಒಂದು ಬಾವಿ, ಬಿಸಿಲ್ಗುದುರೆಯಲ್ಲಿ ನಡುಗುವ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ನಿಧಾನವಾಗಿ ಒಂಟೆಯ ಮೇಲಿನ ಸವಾರನಾಗುತ್ತದೆ, ಸಂಗೀತವಿಲ್ಲ, ಮಾತಿಲ್ಲ, ಒಂದು ಗುಂಡಿನ ಸದ್ದು. ಅಲಿಯ ಕುಲದ ಬಾವಿಯ ನೀರು ಕುಡಿದನೆಂದು ಲಾರೆನ್ಸನ ಮಾರ್ಗದರ್ಶಿ ಸತ್ತು ಬಿದ್ದಿರುತ್ತಾನೆ. ಈ ಪಾತ್ರಕ್ಕಾಗಿ ಷರೀಫ್ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. (ಇದೇ ಚಿತ್ರದಲ್ಲಿ ಲಾರೆನ್ಸ್ ಮರುಭೂಮಿಯಿಂದ ಬದುಕಿಸಿ ತರುವ ಗಾಸಿಮ್ ಆಗಿ ನಟಿಸಿದವರು ನಮ್ಮ ಹಿಂದಿ ಚಿತ್ರರಂಗದ ಐ. ಎಸ್. ಜೋಹರ್ ಎಂಬುದನ್ನೂ ಇಲ್ಲಿ ನೆನೆಯಬೇಕು.) ಜೊತೆಗೆ ಕೊಲಂಬಿಯಾ ಸಂಸ್ಥೆಯೊಂದಿಗೆ ಏಳು ಚಿತ್ರಗಳ ಒಪ್ಪಂದವೂ ಆಯಿತು, ಅದರ ಸಂಭಾವನೆ ಅವರ ಖ್ಯಾತಿಗೆ ತಕ್ಕುದಾಗಿರಲಿಲ್ಲ.

ಮುಂದಿನ ಏಳೆಂಟು ವರ್ಷಗಳ ಪಾತ್ರಗಳನ್ನು ಸಾಲಾಗಿ ನೋಡಿದರೆ ಹಾಲಿವುಡ್ ಅವರನ್ನು ಹೇಗೆ ಬಳಸಿಕೊಂಡಿತೆಂಬುದು ತಾನಾಗಿ ಕಾಣುತ್ತದೆ. ಅರ್ಮೇನಿಯದ ಅರಸ, ಸ್ಪೇನಿನ ಪಾದ್ರಿ, ಮಂಗೋಲರ ಚೆಂಗಿಸ್ ಖಾನ್, ರಷ್ಯದ ಕವಿ–ವೈದ್ಯ ಜಿವಾಗೊ, ಜರ್ಮನ್ ಸೇನೆಯ ಮೇಜರ್, ಆಸ್ಟ್ರಿಯದ ರಾಜಕುಮಾರ, ಕ್ರಾಂತಿಕಾರಿ ಚೆ ಗೆವಾರ, ಭಾರತದ ಚಿತ್ರಮಂದಿರಗಳಲ್ಲಿ ಮತ್ತೆ ಮತ್ತೆ ಬಂದು ಓಡಿದ ‘ಮೆಕೆನ್ನಾಸ್ ಗೋಲ್ಡ್’ನಲ್ಲಿ ಮೆಕ್ಸಿಕೊದ ಡಕಾಯಿತ. ಅಮೆರಿಕದವನಲ್ಲದ ಯಾರ ಪಾತ್ರವಿದ್ದರೂ ಅವರಿಗೇ ಬರುತ್ತಿತ್ತು, ತಮ್ಮ ನೆಲದ ಮನುಷ್ಯನ ಪಾತ್ರ ಮಾತ್ರ ಅಪರೂಪವಾಯಿತು. 1965ರ ‘ಡಾಕ್ಟರ್ ಜಿವಾಗೊ’ ಇವುಗಳಲ್ಲಿ ಎತ್ತರದ್ದು; ಹೆಚ್ಚಾಗಿ ನೋಡುತ್ತಾ, ಒಳಗೇ ನೋಯುತ್ತಾ ಇರುವ ಆ ಪಾತ್ರಕ್ಕೆ ಅವರಿಗೆ ಮತ್ತೊಂದು ಗೋಲ್ಡನ್ ಗ್ಲೋಬ್ ಬಂತು. ಬಾಲಕ ಜಿವಾಗೊ ಆಗಿ ಕಾಣಿಸಿಕೊಂಡವನು ಮಗ ತಾರೆಕ್.

ಈ ಯಶಸ್ಸಿಗೆ ತೆತ್ತ ಬೆಲೆ ದೊಡ್ಡದು. ಈಜಿಪ್ಟಿನ ಅಧ್ಯಕ್ಷ ನಾಸೆರ್ ಅವರ ಆಡಳಿತದಲ್ಲಿ ದೇಶ ಬಿಟ್ಟು ಹೋಗಿಬರಲು ಸರ್ಕಾರದ ಅನುಮತಿ ಬೇಕಾಗಿತ್ತು. ಆ ನಿರ್ಬಂಧಕ್ಕೆ ಬೇಸತ್ತು ಷರೀಫ್ ಯುರೋಪಿನಲ್ಲೇ ಉಳಿದರು. ಇಸ್ರೇಲಿನೊಂದಿಗಿನ 1967ರ ಜೂನ್ ಯುದ್ಧದ ಬೆನ್ನಲ್ಲೇ ‘ಫನ್ನಿ ಗರ್ಲ್’ ಚಿತ್ರದಲ್ಲಿ ಯಹೂದಿ ನಟಿ ಬಾರ್ಬ್ರಾ ಸ್ಟ್ರೈಸಂಡ್ ಅವರೊಂದಿಗೆ ನಟಿಸಿದ್ದಕ್ಕೆ ಈಜಿಪ್ಟಿನ ಪತ್ರಿಕೆಗಳು ಅವರ ಮೇಲೆ ಮುಗಿಬಿದ್ದವು. ದೂರವಾಗಿದ್ದ ದಾಂಪತ್ಯ 1974ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು; ಅವರು ಮತ್ತೆ ಮದುವೆಯಾಗಲಿಲ್ಲ. ಹೋಟೆಲುಗಳಲ್ಲೇ ವಾಸ, ಜೂಜು, ಕುದುರೆಗಳು, ಸಾಲ ತೀರಿಸಲು ಒಪ್ಪಿಕೊಂಡ ಸಾಧಾರಣ ಚಿತ್ರಗಳು, ಇವೆಲ್ಲ ಆ ಕಾಲದ ಕಥೆ. ಬ್ರಿಜ್ ಎಂಬ ಇಸ್ಪೀಟಾಟ ಮಾತ್ರ ಅವರಿಗೆ ಜೂಜಾಗಿರಲಿಲ್ಲ, ವಿದ್ಯೆಯಾಗಿತ್ತು: 1964ರ ವಿಶ್ವ ಬ್ರಿಜ್ ಒಲಿಂಪಿಯಾಡಿನಲ್ಲಿ ಈಜಿಪ್ಟಿನ ಪರವಾಗಿ ಆಡಿದರು, ಅಮೆರಿಕದ ಪತ್ರಿಕೆಗಳಿಗೆ ವರ್ಷಗಟ್ಟಲೆ ಬ್ರಿಜ್ ಅಂಕಣ ಬರೆದರು.

ತವರಿನ ಚಿತ್ರರಂಗಕ್ಕೆ ಅವರು ಮರಳಿದ್ದು 1980ರ ದಶಕದಲ್ಲಿ. ಮಹಫೂಜರ ಕಥೆಯನ್ನೇ ಆಧರಿಸಿದ ‘ಅಯ್ಯೂಬ್’ ಅದಕ್ಕೆ ನಾಂದಿ. ಈ ಎರಡನೆಯ ಸರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1991ರ ‘ಅಲ್ ಮುವಾತಿನ್ ಮಸ್ರಿ’, ಮತ್ತೆ ಅಬು ಸೈಫ್ ಅವರದೇ ನಿರ್ದೇಶನ. ಇಲ್ಲಿ ಷರೀಫ್ ಊರಿನ ಮುಖ್ಯಸ್ಥ, ಅಂದರೆ ಉಮ್ದಾ. ತನ್ನ ಮಗನನ್ನು ಸೈನ್ಯಕ್ಕೆ ಕಳುಹಿಸಲು ಮನಸ್ಸಿಲ್ಲದೆ, ಕಾವಲುಗಾರನ ಮಗನನ್ನು ಅವನ ಹೆಸರಿನಲ್ಲಿ ಕಳುಹಿಸುತ್ತಾನೆ. ಇಸ್ರೇಲಿನೊಂದಿಗಿನ 1973ರ ಯುದ್ಧದಲ್ಲಿ ಆ ಹುಡುಗ ಸಾಯುತ್ತಾನೆ. ಹುತಾತ್ಮನ ತಂದೆಯೆಂಬ ಗೌರವ ಉಮ್ದಾನ ಪಾಲಾಗುತ್ತದೆ, ಹೆತ್ತವನಿಗೆ ಮಗನ ಶವವನ್ನು ತನ್ನದೆನ್ನುವ ಹಕ್ಕೂ ಉಳಿಯುವುದಿಲ್ಲ. ಮೊದಲ ಚಿತ್ರದಲ್ಲಿ ಜಮೀನುದಾರನ ಅನ್ಯಾಯಕ್ಕೆ ಗುರಿಯಾದ ಯುವಕ ಇಲ್ಲಿ ಅದೇ ಅನ್ಯಾಯ ಎಸಗುವ ದೊಡ್ಡ ಮನುಷ್ಯನಾಗಿದ್ದಾರೆ, ಮತ್ತು ಎರಡರಲ್ಲೂ ನಂಬುವಂತಿದ್ದಾರೆ.

2003ರಲ್ಲಿ ವೆನಿಸ್ ಚಿತ್ರೋತ್ಸವ ಜೀವಮಾನದ ಸಾಧನೆಗಾಗಿ ಅವರಿಗೆ ಗೋಲ್ಡನ್ ಲಯನ್ ನೀಡಿತು. ಅದೇ ವರ್ಷದ ಫ್ರೆಂಚ್ ಚಿತ್ರ ‘ಮುಸ್ಯು ಇಬ್ರಾಹಿಂ’ನಲ್ಲಿ ಯಹೂದಿ ಹುಡುಗನೊಬ್ಬನಿಗೆ ತಂದೆಯಂತಾಗುವ ಪ್ಯಾರಿಸಿನ ಮುದಿ ಅಂಗಡಿಯವನ ಪಾತ್ರ ಫ್ರಾನ್ಸಿನ ಚಲನಚಿತ್ರ ಪ್ರಶಸ್ತಿಯಾದ ಸೀಸರ್ ಅನ್ನು ತಂದಿತು. 2008ರ ‘ಹಸನ್ ವ ಮುರ್ಕುಸ್’ನಲ್ಲಿ ಹಾಸ್ಯನಟ ಆದೆಲ್ ಇಮಾಮ್ ಅವರು ಮುಸ್ಲಿಮನ ವೇಷ ತೊಡುವ ಕ್ರೈಸ್ತನಾದರೆ, ಕ್ರೈಸ್ತರಾಗಿ ಹುಟ್ಟಿ ಇಸ್ಲಾಮಿಗೆ ಬಂದ ಷರೀಫ್ ಕ್ರೈಸ್ತನ ವೇಷ ತೊಡುವ ಮುಸ್ಲಿಮನಾದರು. 2015ರ ಜನವರಿಯಲ್ಲಿ ಫಾತೆನ್ ಹಮಾಮಾ ತೀರಿಕೊಂಡರು. ಆಗಲೇ ಆಲ್ಝೈಮರ್ಸ್ ಕಾಯಿಲೆಗೆ ತುತ್ತಾಗಿದ್ದ ಷರೀಫ್ ಅದೇ ವರ್ಷ ಜುಲೈ 10ರಂದು ಹೃದಯಾಘಾತದಿಂದ ಕೈರೊದಲ್ಲಿ ನಿಧನರಾದರು.

ಎಲ್ಲಿಂದ ನೋಡಲು ಶುರುಮಾಡಬೇಕೆಂದು ಕೇಳುವವರಿಗೆ ನನ್ನ ಸಲಹೆ ಇಷ್ಟು: ಮೊದಲು ‘ಬಿದಾಯಾ ವ ನಿಹಾಯಾ’ ನೋಡಿ, ಆಮೇಲೆ ‘ಲಾರೆನ್ಸ್ ಆಫ್ ಅರೇಬಿಯಾ’ದ ಬಾವಿಯ ದೃಶ್ಯಕ್ಕೆ ಬನ್ನಿ. ಕೈರೊದ ಪ್ರೇಕ್ಷಕರು ಅವರನ್ನು ನೋಡಿದ್ದು ಇದೇ ಕ್ರಮದಲ್ಲಿ.